ಬೀಗರಿಗೆ ಹಾಸಿದ ಕೌದಿ

ಆ ಕೌದಿಯನ್ನು ಪಡಸಾಲೆಯಲ್ಲಿ ಹಾಸಿದವನು ನಾನೇ ಎಂದು ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಆಣೆ ಮಾಡು ಎಂದರೆ ಮಾಡಲಾರೆ. ಹಾಸಿದವಳು ತಾನು ಎಂದು ಅವ್ವ ಕೊನೆಯತನಕ ಹೇಳುತ್ತಿದ್ದಳು. ಸಾಲಗುಂದದ ನಮ್ಮ ಸೋದರತ್ತೆ ಇಬ್ಬರ ಮಾತನ್ನೂ ಒಪ್ಪುತ್ತಿರಲಿಲ್ಲ. "ತಾಯಿ ಮಗ ಇಬ್ರಿಗೂ ಮರುವು. ಹಾಸಿದಾಕಿ ಹಂಪಮ್ಮ. ನನ್ನ ಕಣ್ಣಾರ ನೋಡೀನಿ" ಎನ್ನುತ್ತಿದ್ದಳು. ಅತ್ತೆಯ ಒಂದು ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಇನ್ನೊಂದರಿಂದ ಅವಳು ನೋಡಿದ್ದಕ್ಕಿಂತ ನೋಡಿದೆನೆಂದು ಹೇಳಿದ್ದೇ ಹೆಚ್ಚು. ಹಂಪಮ್ಮ ಎಂದರೆ ನನ್ನ ಅಕ್ಕ. ಅವಳನ್ನೇ ಕೇಳಿದ್ದರೆ ವ್ಯಾಜ್ಯ ಮುಗಿಯುತ್ತಿತ್ತು. ನಾನು ಸಿಂಧನೂರಿನಲ್ಲಿ ಮಾಸ್ತರ, ಅವಳು ಮಸ್ಕಿಯಲ್ಲಿ. ನಡುವೆ ಒಂದು ತಾಸಿನ ಬಸ್ಸು. ಮೂವತ್ತು ವರ್ಷ ಆ ಬಸ್ಸಿನಲ್ಲಿ ಹೋದೆ, ಬಂದೆ, ಅವಳ ಕೈಯ ರೊಟ್ಟಿ ಉಂಡೆ. ಕೇಳಲಿಲ್ಲ. ಈಗ ಅವಳಿಲ್ಲ.

ಇದೆಲ್ಲ ನೆನಪಾಗಲು ದೊಡ್ಡ ಕಾರಣವೇನೂ ಇಲ್ಲ. ಮೊನ್ನೆ ಅಂಗಿಯ ಗುಂಡಿ ಕಿತ್ತುಬಂತು. ಹೆಂಡತಿ ಸೂಜಿ ದಾರ ತಂದು ನನ್ನ ಕೈಗಿಟ್ಟು, "ಪೋಣಿಸಿ ಕೊಡ್ರಿ, ನನ್ನ ಕನ್ನಡಕ ಸಿಗವಲ್ದು" ಎಂದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡೆ. ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಕಣ್ಣು ಮುಚ್ಚಿದೆ, ಆಮೇಲೆ ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿದೆ. ದಾರ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ತೂತಿನೊಳಕ್ಕೆ ಮಾತ್ರ ಹೋಗಲಿಲ್ಲ. "ಬಿಡ್ರಿ, ನಿಮ್ಮ ಕೈಲೆ ಆಗಂಗಿಲ್ಲ" ಎಂದು ಅವಳು ಕಸಿದುಕೊಂಡಳು. ಒಂದೊಂದು ಬೆಳಗ್ಗೆ ನಲವತ್ತು ಸೂಜಿ ಪೋಣಿಸುತ್ತಿದ್ದವನು ನಾನು ಎಂದು ಹೇಳಿದೆ. ನಂಬಲಿಲ್ಲ. ಅವಳ ತಪ್ಪಲ್ಲ. ನನ್ನ ಮಾತನ್ನು ಅರ್ಧ ನಾನೇ ನಂಬುವುದಿಲ್ಲ. ನಲವತ್ತಿರಲಿಕ್ಕಿಲ್ಲ, ಇಪ್ಪತ್ತಿರಬೇಕು.

ಆದರೆ ಪೋಣಿಸಿದ್ದು ನಿಜ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಅತ್ತ ಯುದ್ಧ ನಡೆದಿತ್ತೋ ಆಗಷ್ಟೇ ಮುಗಿದಿತ್ತೋ ಹೇಳಲಾರೆ. ಬಟ್ಟೆಗೆ ಕಂಟ್ರೋಲು ಇದ್ದದ್ದು ಮಾತ್ರ ನೆನಪಿದೆ. ನಾನು ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ತರ್ಕಶಾಸ್ತ್ರಕ್ಕೆ ಮಂತಿಕ್ ಎನ್ನುತ್ತಾರೆ ಎಂದು ಕಲಿತಿದ್ದೆ. ಕಲಿತ ಮೇಲೆ ಊರಿನವರ ಯಾವ ಮಾತಿನಲ್ಲೂ ಮಂತಿಕ್ ಇಲ್ಲ ಎಂಬುದು ನನಗೆ ಕಾಣತೊಡಗಿತ್ತು. ಉರ್ದುವಿನಲ್ಲಿ ನಾಲ್ಕು ಪುಟದ ನಿಬಂಧ ಬರೆಯುವವನು ಅಪ್ಪನಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದ ಬರೆಯಲು ಬೆವರುತ್ತಿದ್ದೆ. ಬೇಸಿಗೆಯ ರಜೆಗೆ ರಾಯಚೂರಿನತನಕ ರೈಲು, ಅಲ್ಲಿಂದ ಮುಂದೆ ಇದ್ದಿಲ ಹೊಗೆಯ ಬಲದಿಂದ ಓಡುವ ಬಸ್ಸು. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಮಸ್ಕಿ ಮುಟ್ಟುವಾಗ ನನ್ನ ಬಿಳಿ ಶೇರ್ವಾನಿ ಬೂದಿ ಬಣ್ಣವಾಗಿತ್ತು. ಮನೆಯ ಬಾಗಿಲಲ್ಲಿ ಅಕ್ಕ ಕೂತಿದ್ದಳು. ನನ್ನನ್ನು ನೋಡಿದಳು, ನಗಲಿಲ್ಲ.

ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟಿತ್ತು. ಆ ಮನೆಯಲ್ಲಿ ಒಂದು ಪದ್ಧತಿ. ಹಿರಿಯ ಮಗನ ಹೆಂಡತಿಯಾಗಿ ಯಾರೇ ಬರಲಿ, ಮದುವೆಯ ದಿನ ಅವಳಿಗೆ ಅಮರಮ್ಮ ಎಂದು ಹೊಸ ಹೆಸರಿಡುತ್ತಾರೆ. ಅದು ಅವರ ಮನೆದೇವರ ಹೆಸರು. ಅಕ್ಕನ ಅತ್ತೆಯೂ ಹಾಗೆಯೇ ಅಮರಮ್ಮ ಆದವಳು. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಹೆಸರು ಬರೆದು, ನಮ್ಮ ಹಂಪಮ್ಮನನ್ನು ಅಮರಮ್ಮ ಮಾಡಿ ಗಾಡಿ ಹತ್ತಿಸಿದೆವು. ಎಲ್ಲರೂ ಖುಷಿಯಿಂದ ಮಾಡಿದ ಕೆಲಸ. ನಾನೂ ಅಕ್ಷತೆ ಹಾಕಿದೆ.

ಐದು ವರ್ಷವಾದರೂ ಮಕ್ಕಳಾಗಲಿಲ್ಲ. ಭಾವ ಇನ್ನೊಂದು ಮದುವೆಯಾದ. ಹಿರಿಯ ಮಗನ ಹೆಂಡತಿ ಎಂದಮೇಲೆ ಪದ್ಧತಿ ಬಿಡಲಾದೀತೆ? ಆ ಹುಡುಗಿಗೂ ಅಮರಮ್ಮ ಎಂದೇ ಹೆಸರಿಟ್ಟರು. "ಅಮರಮ್ಮಾ" ಎಂದು ಪಡಸಾಲೆಯಿಂದ ಕರೆದರೆ ಇಬ್ಬರೂ ಓ ಎನ್ನುತ್ತಿದ್ದರಂತೆ. ಕೆಲಸಕ್ಕಾದರೆ ಅಕ್ಕ ಹೋಗಬೇಕು, ಊಟಕ್ಕಾದರೆ ಅವಳು. ಕೆಲವು ತಿಂಗಳು ಹೀಗೆ ನಡೆದ ಮೇಲೆ, ಒಂದಿಷ್ಟು ದಿನ ತವರಿನಲ್ಲಿದ್ದು ಬಾ ಎಂದು ಅಕ್ಕನನ್ನು ಮಸ್ಕಿಗೆ ಕಳಿಸಿದರು. ವರ್ಷವಾದರೂ ಕರೆಯಲು ಯಾರೂ ಬರಲಿಲ್ಲ.

ನಾನು ರಜೆಗೆ ಬಂದಾಗ ಮನೆಯಲ್ಲಿ ಅವಳನ್ನು ಹೆಸರಿಟ್ಟು ಕರೆಯುವವರೇ ಇರಲಿಲ್ಲ. ಅಮರಮ್ಮ ಎನ್ನಲು ಅವ್ವನಿಗೆ ನಾಲಿಗೆ ಏಳದು, ಆ ಹೆಸರಿನವಳು ಈಗ ಬೇರೊಬ್ಬಳು. ಹಂಪಮ್ಮ ಎನ್ನಲೂ ಅವ್ವ ತಯಾರಿಲ್ಲ. ಮದುವೆಯಲ್ಲಿ ಬಿಟ್ಟ ಹೆಸರನ್ನು ಮತ್ತೆ ಕರೆದರೆ ಮಗಳು ಕಾಯಂ ಆಗಿ ಬಂದುಬಿಟ್ಟಳು ಎಂದು ತಾನೇ ಒಪ್ಪಿಕೊಂಡಂತೆ. ಹಾಗಾಗಿ "ಏ ಬೇ", "ಇಲ್ನೋಡು", "ಕುಂತಿ ಏನು". ಓಣಿಯವರಿಗೆ ಅವಳು ಲಿಂಗಸುಗೂರಾಕಿ. ಲಿಂಗಸುಗೂರಿನಲ್ಲಿ ಅವಳು ಮಸ್ಕಿಯಾಕಿ. ಅಪ್ಪ ಅವಳನ್ನು ಕರೆಯುವ ಪ್ರಸಂಗವೇ ಬರದಂತೆ ನೋಡಿಕೊಳ್ಳುತ್ತಿದ್ದ. ಅಕ್ಕ ಬಾಗಿಲ ಹತ್ತಿರ ಕೂತು ತನ್ನ ಸೀರೆಯ ಸೆರಗಿನಿಂದ ಒಂದೊಂದೇ ಎಳೆ ಕಿತ್ತು ನೆಲದ ಮೇಲೆ ಇಡುತ್ತಿದ್ದಳು. ಸಂಜೆಗೆ ಅವ್ವ ಅದನ್ನು ಗುಡಿಸುತ್ತಿದ್ದಳು.

ಇಲ್ಲಿ ನಾನು ಏನು ಮಾಡಿದೆ ಎಂದು ಕೇಳುತ್ತೀರಿ. ಅವಳಿಗೆ ಉಪದೇಶ ಮಾಡಿದೆ. ಹೈದರಾಬಾದಿನಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ, ಪೇಪರು ಓದುತ್ತಾರೆ, ನೀನು ಧೈರ್ಯ ತಂದುಕೊಳ್ಳಬೇಕು, ಇತ್ಯಾದಿ. ಅವಳು ಕೇಳುತ್ತಾ ಎಳೆ ಕೀಳುತ್ತಿದ್ದಳು.

ಅಷ್ಟರಲ್ಲಿ ಸಾಲಗುಂದದಿಂದ ಅತ್ತೆ ಬಂದಳು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳು, ಕೌದಿ ಹೊಲಿಯುವುದರಲ್ಲಿ ಆ ಸುತ್ತಿನಲ್ಲೇ ಹೆಸರಾದವಳು. ಬಂದವಳು ನೀರು ಕುಡಿಯುವ ಮೊದಲೇ ಅಕ್ಕನ ಸೆರಗು ಹಿಡಿದು ನೋಡಿದಳು.

"ಏನಬೇ ಇದು, ಇಲಿ ಕಡದಂಗ?"

ಅವ್ವ ಒಳಗಿನಿಂದಲೇ, "ವರ್ಷಾತು ನೋಡಕ್ಕಾ, ಬರೇ ಎಳಿ ಕೀಳತಾಳ" ಎಂದಳು.

"ಕೀಳೋ ಕೈಗೆ ಒಂದು ಸೂಜಿ ಕೊಡಬಾರ್ದೇನ? ಇಷ್ಟು ಮಂದಿ ಅದೀರಿ ಮನ್ಯಾಗ!" ಎಂದು ಅತ್ತೆ ತನ್ನ ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ಕಿತ್ತು ಅಕ್ಕನ ಕೈಗೆ ಕೊಟ್ಟಳು. ಅಷ್ಟೇ. ನನ್ನ ಹದಿನೈದು ದಿನದ ಉಪದೇಶಕ್ಕೆ ಬದಲಾಗಿ ಒಂದು ಸೂಜಿ.

ಕೌದಿ ಹೊಲಿಯುವುದನ್ನು ನೀವು ನೋಡಿರಬಹುದು. ಹಳೆಯ ಸೀರೆ ಧೋತರ ಪದರ ಪದರ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತಾ ಹೋಗುತ್ತಾರೆ. ನಾಲ್ಕು ಜನ ನಾಲ್ಕು ಮಗ್ಗುಲಿಗೆ ಕೂರುತ್ತಾರೆ. ನಡುನಡುವೆ ದಾರ ಪೋಣಿಸುತ್ತಾ ಕೂತರೆ ಮಾತು ಕಡಿಯುತ್ತದೆ ಎಂದು ಮೊದಲೇ ಹತ್ತಿಪ್ಪತ್ತು ಸೂಜಿ ಪೋಣಿಸಿ ಒಂದು ಬಟ್ಟೆಗೆ ಚುಚ್ಚಿಡುತ್ತಾರೆ. ಆ ಕೆಲಸ ನನ್ನ ಪಾಲಿಗೆ ಬಂತು. ಹೊಲಿಯಲು ಬರುತ್ತಿದ್ದ ಪಕ್ಕದ ಮನೆಯ ಖಾಜಾಬಿ ಅದನ್ನು ಓಣಿಗೆಲ್ಲ ಡಂಗುರ ಹೊಡೆದಳು.

"ನಮ್ಮ ಸಾಹೇಬ್ರು ಅಷ್ಟು ದೂರ ಹೋಗಿ ಏನು ಕಲ್ತು ಬಂದಾರ ಗೊತ್ತೇನ್ರೆವಾ? ಸೂಜಿ ಪೋಣ್ಸೂದು!"

"ಬಿ.ಎ. ಅಂದ್ರ ಅದನೇನು?" ಎಂದಳು ಅತ್ತೆ.

"ಇನ್ನೊಂದು ವರ್ಷ ಓದಿದ್ರ ಗಂಟು ಹಾಕೂದೂ ಕಲಸ್ತಾರಂತ" ಎಂದಿತು ಒಂದು ಸಣ್ಣ ದನಿ. ಎಲ್ಲರೂ ತಿರುಗಿ ನೋಡಿದರು. ಅಂದವಳು ಅಕ್ಕ. ವರ್ಷದ ಮೇಲೆ ಅವಳು ಆಡಿದ ಮೊದಲ ತಮಾಷೆ ನನ್ನ ಡಿಗ್ರಿಯ ಮೇಲೆ. ನನಗೆ ಸಿಟ್ಟು ಬಂದಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಕ್ಕನ ಕೌದಿ ಮೊದಲಿನಿಂದಲೂ ಬೇರೆಯಾಗಿತ್ತು. ಅತ್ತೆ ಹಾಕಿಕೊಟ್ಟ ಮುಕ್ಕೋಣ ಚೌಕಗಳನ್ನು ಅವಳು ಅಂಚಿಗಷ್ಟೇ ಇಟ್ಟುಕೊಂಡಳು. ಒಳಗೆ ತನಗೆ ತೋಚಿದಂತೆ ಬಟ್ಟೆ ಕತ್ತರಿಸಿ ಕೂಡಿಸತೊಡಗಿದಳು. ಕಂದು ಬಣ್ಣದ್ದೊಂದು ದೊಡ್ಡ ತುಂಡು ಬಂತು. ಅದರ ಪಕ್ಕ ಅಪ್ಪನ ಹಳೆಯ ರುಮಾಲಿನ ಉದ್ದನೆಯ ಪಟ್ಟಿ, ದಾರಿಯ ಹಾಗೆ ಡೊಂಕಾಗಿ. ನಡುವೆ ನೀಲಿ ಬಟ್ಟೆಯ ಒಂದು ಆಕಾರ.

"ಇದೇನಬೇ?" ಎಂದು ಅತ್ತೆ ಕಂದು ತುಂಡಿನ ಮೇಲೆ ಬೆರಳಿಟ್ಟಳು.

"ನಮ್ಮ ಗುಡ್ಡ."

"ಇದು?"

"ಲಿಂಗಸುಗೂರು ಹಾದಿ."

"ನಡುವ ನಿಂತಿದ್ದು?"

"ನಾನು."

ಖಾಜಾಬಿ ಬಗ್ಗಿ ನೋಡಿ, "ಹಾಯ್ ಅಲ್ಲಾ, ತಲೀನ ಇಲ್ಲ ಇದಕ್ಕ!" ಎಂದಳು.

"ತಲಿಗೆ ಬಟ್ಟಿ ಇನ್ನಾ ಸಿಕ್ಕಿಲ್ಲ. ಹುಡುಕಾಕತ್ತೀನಿ" ಎಂದಳು ಅಕ್ಕ.

ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ. ಅವಳು ನಿಜವಾಗಿಯೂ ಹುಡುಕುತ್ತಿದ್ದಳು. ಮನೆಯ ಗಂಟುಗಳನ್ನೆಲ್ಲ ಬಿಚ್ಚಿದಳು, ಓಣಿಯವರ ಚಿಂದಿ ತರಿಸಿದಳು. ಒಂದೊಂದನ್ನೇ ಆ ನೀಲಿ ಹೆಂಗಸಿನ ಕುತ್ತಿಗೆಯ ಮೇಲಿಟ್ಟು, ಸ್ವಲ್ಪ ಹಿಂದೆ ಸರಿದು, ತಲೆ ಓರೆ ಮಾಡಿ ನೋಡುವಳು. ಇದಲ್ಲ ಎಂದು ತೆಗೆಯುವಳು. ಆಗ ಅವಳ ಮುಖದಲ್ಲಿ ಇದ್ದದ್ದು ಏನು ಎಂದು ಈಗ ಹೇಳಲು ನೋಡುತ್ತೇನೆ. ದುಃಖವಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಉತ್ತರ ಗೊತ್ತಿದ್ದು ಶಬ್ದ ಸಿಗದವರ ಮುಖದಲ್ಲಿ ಅದು ಇರುತ್ತದೆ. ಎಳೆ ಕೀಳುವುದು ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ. ಒಂದು ದಿನ ಅವ್ವ ಬಾಗಿಲ ಹತ್ತಿರ ಕಸಬರಿಗೆ ಹಿಡಿದು ಬಂದಳು. ಗುಡಿಸಲು ಅಲ್ಲಿ ಏನೂ ಇರಲಿಲ್ಲ.

ಗುಡ್ಡ ಎಂದೆನಲ್ಲ, ಮಸ್ಕಿಯ ಗುಡ್ಡದ ಸಂಗತಿ ನಿಮಗೆ ಗೊತ್ತೇ ಇದೆ. ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನ. ಆ ರಾಜನ ಶಾಸನಗಳು ದೇಶದ ತುಂಬ ಇವೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಬಿರುದು ಮಾತ್ರ. ಅಶೋಕ ಎಂಬ ಸ್ವಂತ ಹೆಸರು ನಮ್ಮ ಬಂಡೆಯ ಮೇಲಿದೆ. ನಾನು ಹೈದರಾಬಾದಿನ ಗೆಳೆಯರಿಗೆ ಇದನ್ನು ಹೇಳಿ ಮೆರೆಯುತ್ತಿದ್ದೆ. ಎರಡು ಸಾವಿರ ವರ್ಷದ ಹಿಂದಿನ ಗಂಡಸೊಬ್ಬನ ಹೆಸರು ಕಲ್ಲಿನ ಮೇಲೆ ಸಿಕ್ಕಿತೆಂದು ಹಿಗ್ಗಿದವನಿಗೆ, ಮನೆಯ ಬಾಗಿಲಲ್ಲಿ ಕೂತವಳ ಹೆಸರು ಕಳೆದದ್ದು ಯೋಚಿಸುವ ವಿಷಯ ಎನ್ನಿಸಿರಲಿಲ್ಲ. ಮಂತಿಕ್‌ನಲ್ಲಿ ಆ ಪಾಠ ಬಂದಿರಲಿಲ್ಲ.

ತಲೆಗೆ ಬಟ್ಟೆ ಸಿಕ್ಕಿತು. ಒಂದು ಮಧ್ಯಾಹ್ನ ಅವ್ವ ಕೂಗಿಕೊಂಡದ್ದು ಕೇಳಿ ಒಳಗೆ ಓಡಿದೆ. ಅಕ್ಕನ ಟ್ರಂಕು ತೆರೆದಿತ್ತು. ಅವಳ ಮದುವೆಯ ಇಳಕಲ್ ಸೀರೆ ನೆಲದ ಮೇಲೆ ಬಿದ್ದಿತ್ತು. ಅದರ ಕೆಂಪು ಸೆರಗಿನಲ್ಲಿ, ನೇಯ್ಗೆಯಲ್ಲೇ ಮೂಡಿಸಿದ ಬಿಳಿ ತೆನೆಗಳ ನಡುವೆ, ಅಂಗೈಯಷ್ಟು ಅಗಲದ ದುಂಡನೆಯ ಕಂಡಿ. ಬೀಗರು ತಮ್ಮ ಮನೆಗೆಂದೇ ಹೇಳಿ ನೇಯಿಸಿದ ಸೀರೆ ಅದು. ಬಟ್ಟೆಯ ಬರ ಬೇರೆ.

"ಗಂಡ ಬದುಕಿರ್ತ ಲಗ್ನದ ಸೀರಿಗೆ ಕತ್ತರಿ ಹಾಕಿದ್ಯಲ್ಲಬೇ! ಇದಕಿಂತ ಅಪಶಕುನ ಐತೇನು?"

ಅಕ್ಕ ಕತ್ತರಿ ಕೆಳಗಿಟ್ಟಳು. "ಯವ್ವಾ, ಈ ಸೀರಿ ಯಾರಿಗಂತ ಕೊಟ್ರು?"

"ನಿನಗ!"

"ನನಗಲ್ಲ. ಅಕ್ಕಿ ಮ್ಯಾಲ ಅಮರಮ್ಮ ಅಂತ ಬರದು, ಆಕಿಗಿ ಕೊಟ್ರು. ಅಮರಮ್ಮ ಲಿಂಗಸುಗೂರಾಗ ಚೊಲೋ ಅದಾಳ, ಗಂಡನ ಕೂಡ ಅದಾಳ. ಆಕಿಗೇನು ಅಪಶಕುನ ಆಗೇತಿ?"

ಅವ್ವ ಅಳತೊಡಗಿದಳು. ನಾನು ಮನಸ್ಸಿನಲ್ಲೇ ಅಕ್ಕನ ತರ್ಕಕ್ಕೆ ನೂರಕ್ಕೆ ನೂರು ಅಂಕ ಕೊಟ್ಟೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನಮ್ಮ ಓದಿನ ಲಕ್ಷಣವೇ ಅದು.

ಆ ಕೆಂಪು ತುಂಡು ನೀಲಿ ಹೆಂಗಸಿನ ತಲೆಯಾಯಿತು. ಬಿಳಿ ತೆನೆ ಸರಿಯಾಗಿ ಹಣೆಯ ಮೇಲೆ ಬಂತು. ಕೊನೆಯ ಸುತ್ತು ಅವಳನ್ನು ಬಳಸಿ ಬಂದು ಮುಗಿಯಿತು. ಮುಗಿಸುವಾಗ ಅತ್ತೆಯದೊಂದು ಪದ್ಧತಿ. ಕೊನೆಯ ಕಂಡಿ ಮುಚ್ಚುವ ಮೊದಲು ಒಂದು ಚಿಟಿಕೆ ಜೋಳ, ಒಂದು ಚೂರು ರೊಟ್ಟಿ ಒಳಗಿಡಬೇಕು, ಕೌದಿ ಹಸಿದಿರಬಾರದು. ಆಮೇಲೆ ಇದು ಯಾರದು ಎಂದು ಮೂರು ಸಲ ಕೇಳಬೇಕು, ಹೊಲಿದವಳು ಮೂರು ಸಲ ಹೇಳಬೇಕು.

"ಯಾರ ಕೌದಿಬೇ ಇದು?" ಎಂದಳು ಅತ್ತೆ.

ಖಾಜಾಬಿ ಸೂಜಿ ನಿಲ್ಲಿಸಿದಳು. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹಂಪಮ್ಮನ ಕೌದಿ" ಎಂದಳು ಅಕ್ಕ.

ಎರಡನೆಯ ಸಲ ದನಿ ಗಟ್ಟಿಯಾಯಿತು. ಮೂರನೆಯ ಸಲ ಅವಳು ಕೂಗಿದಳು ಎಂದೇ ನನ್ನ ನೆನಪು. ಕೂಗಿರಲಿಕ್ಕಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಕೂಗುವವರಲ್ಲ. ಆದರೆ ಅಂದು ಸಂಜೆ ಅವ್ವ ಊಟಕ್ಕೆ ಕರೆಯುವಾಗ, "ಹಂಪಮ್ಮಾ, ತಾಟು ತೊಗೊಂಡು ಬಾ" ಎಂದಳು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಆಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೂರು ದಿನ. ಆ ಹೆಸರು ನಮ್ಮ ಮನೆಯಲ್ಲಿ ಮೂರು ದಿನ ನೆಮ್ಮದಿಯಿಂದ ಓಡಾಡಿತು. ನಾಲ್ಕನೆಯ ದಿನ ಲಿಂಗಸುಗೂರಿನಿಂದ ಗಾಡಿ ಬಂತು. ಅಕ್ಕನ ಅತ್ತೆ, ಜೊತೆಗೆ ಭಾವನ ಚಿಕ್ಕಪ್ಪ. ಭಾವ ಬಂದಿರಲಿಲ್ಲ. ಹೊಸ ಅಮರಮ್ಮ ಬಸುರಿಯಾಗಿ ತವರಿಗೆ ಹೋಗಿದ್ದಳು. ಮನೆಯಲ್ಲಿ ರೊಟ್ಟಿ ಬಡಿಯಲು ಕೈ ಬೇಕಾಗಿತ್ತು. ಅವರು ಇದನ್ನು ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ಮಾತು ಎಂದು ಅವರಿಗೆ ಅನ್ನಿಸಿರಲಿಲ್ಲ. ಅಪ್ಪನಿಗೂ ಅನ್ನಿಸಲಿಲ್ಲ. ಕರೆಯಲು ಬಂದರಲ್ಲ ಎಂದು ಅವನ ಮುಖ ಅರಳಿಬಿಟ್ಟಿತ್ತು. "ತಮ್ಮಾ, ಬೀಗ್ರು ಬಂದಾರ, ಒಳಗಿಂದ ಚೊಲೋದೊಂದು ಹಾಸಾಕ ತಾ" ಎಂದು ನನಗೆ ಹೇಳಿದ.

ಬೀಗರು ಬಂದರೆ ಮನೆಯಲ್ಲಿರುವ ಅತ್ಯುತ್ತಮ ಕೌದಿಯನ್ನೇ ಹಾಸಬೇಕು. ನಮ್ಮ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನನ್ನ ಕೈ ಟ್ರಂಕಿನ ಮೇಲೆ ಮಡಿಸಿಟ್ಟ ಹೊಸ ಕೌದಿಗೆ ಹೋಯಿತು. ಪಡಸಾಲೆಯಲ್ಲಿ ಝಾಡಿಸಿ ಹಾಸಿದೆ. ಹೀಗೆ ನನ್ನ ನೆನಪು. ಅವ್ವನ ನೆನಪು ಬೇರೆ, ಅತ್ತೆಯದು ಬೇರೆ ಎಂದು ಆಗಲೇ ಹೇಳಿದೆ. ಅತ್ತೆ ಹೇಳುವುದು ನಿಜವಾದರೆ ಅಕ್ಕ ಬೇಕೆಂದೇ ಹಾಸಿದಳು, ನೋಡಲಿ ಎಂದೇ ಹಾಸಿದಳು. ಹಾಗಿದ್ದರೆ ನನ್ನ ಪಾಪ ಅರ್ಧ ಇಳಿಯುತ್ತದೆ. ಅದಕ್ಕೇ ಆ ಮಾತನ್ನು ನಂಬಲು ನನಗೆ ಭಯ. ನನಗೆ ಅನುಕೂಲವಾದ ಸಾಕ್ಷಿಯನ್ನು ನಾನು ಯಾವತ್ತೂ ಸಂಶಯದಿಂದಲೇ ನೋಡುತ್ತೇನೆ.

ಬೀಗತಿ ಕೌದಿಯ ನಡುವೆ ಕೂತು ನೀರು ಕುಡಿದಳು. ಬಿಸಿಲಿನ ಮಾತಾಯಿತು, ಹತ್ತಿಯ ಮಾತಾಯಿತು. ಮಾತಾಡುತ್ತಲೇ ಅವಳ ಕೈ ತನ್ನ ಮೊಣಕಾಲ ಮುಂದಿನ ಕೆಂಪು ತುಂಡಿನ ಮೇಲೆ ಆಡಿತು. ಒಂದು ಸಲ ಸವರಿದಳು. ಮತ್ತೆ ಬಗ್ಗಿ ನೋಡಿದಳು. ಬಿಳಿ ತೆನೆಯನ್ನು ಬೆರಳಿನಿಂದ ಎಣಿಸಿದಳು.

"ಇದು ನಮ್ಮ ಸೀರಿ" ಎಂದಳು.

ಅಪ್ಪ ಬಗ್ಗಿ ನೋಡಿದ.

"ನಮ್ಮ ಮನಿ ತೆನಿ ಇದು. ನಾವ ಹೇಳಿ ನೇಯಿಸಿದ್ದು. ಯಾರು ಕತ್ತರಿಸಿದ್ರು ಇದನ್ನ?"

"ನಾನು" ಎಂದಳು ಅಕ್ಕ, ಬಾಗಿಲಲ್ಲಿ ನಿಂತು.

ಆಮೇಲಿನ ಗದ್ದಲ ನನಗೆ ಅಷ್ಟಾಗಿ ನೆನಪಿಲ್ಲ. ಚಿಕ್ಕಪ್ಪ ರುಮಾಲು ಝಾಡಿಸಿ ಎದ್ದ. ಇಜ್ಜತ್ ಎಂಬ ಶಬ್ದ ಹತ್ತಾರು ಸಲ ಬಂತು. ಅಪ್ಪ ಕೈ ಮುಗಿದ. ಕೊನೆಗೆ ಬೀಗತಿಯೇ ಒಂದು ದಾರಿ ತೋರಿದಳು. "ಆಗಿದ್ದಾತು. ಈಗ ಗಾಡಿ ಹತ್ತಿದ್ರ ಒಂದು ಮಾತೂ ಆಡಂಗಿಲ್ಲ. ಬಾ ಅಮರಮ್ಮ."

"ನಾ ಬರಂಗಿಲ್ರಿ."

"ಬರದಿದ್ರ ನಮ್ಮ ಸೀರಿ ನಮಗ ಕೊಡ್ರಿ. ಹರದಿದ್ದಾದ್ರೂ, ಕೌದ್ಯಾಗ ಹೊಲದಿದ್ದಾದ್ರೂ ನಮ್ದ ಅದು."

ಇಲ್ಲಿ ನಾನು ಎದ್ದೆ. ಇದಕ್ಕೆ ಮಾತ್ರ ಬೇರೆ ಸಾಕ್ಷಿ ಬೇಕಾಗಿಲ್ಲ, ಇದು ನನ್ನದೇ ಬುದ್ಧಿಯ ಕೆಲಸ. ಲೆಕ್ಕ ಎಷ್ಟು ಸರಳ ಎಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಒಂದು ಕಡೆ ಅಕ್ಕನ ಬದುಕು, ಇನ್ನೊಂದು ಕಡೆ ನಾಲ್ಕು ಚಿಂದಿ. ಚಿಂದಿ ಕೊಟ್ಟು ಬದುಕು ಉಳಿಸಿಕೊಳ್ಳುವುದರಲ್ಲಿ ಯೋಚಿಸುವುದೇನಿದೆ? ಮಂತಿಕ್‌ನಲ್ಲಿ ಮೊದಲ ದರ್ಜೆಯವನಲ್ಲವೇ ನಾನು? ಕೌದಿಯನ್ನು ಎತ್ತಿ ಮಡಿಸತೊಡಗಿದೆ.

ಅಕ್ಕ ಬಂದು ಒಂದು ತುದಿ ಹಿಡಿದಳು. "ತಮ್ಮಾ, ಅದು ಬ್ಯಾಡ."

"ಹಳೇ ಬಟ್ಟಿ ಅಲ್ಲೇನಕ್ಕ? ಹೋದ್ರ ಹೋಗ್ಲಿ. ಇನ್ನೊಂದು ಹೊಲದ್ರಾತು."

ಅವಳು ನನ್ನ ಮುಖ ನೋಡಿದಳು. ಕೈ ಬಿಟ್ಟಳು. ಎಳೆದಿದ್ದರೆ ಬಹುಶಃ ಕೊಡುತ್ತಿದ್ದೆ. ಎಳೆಯಲಿಲ್ಲ. ಕಂಡಿ ಬಿದ್ದ ಸೀರೆಯ ಸಮೇತ ನಾನೇ ಒಯ್ದು ಗಾಡಿಯಲ್ಲಿ ಇಟ್ಟೆ. ಗಾಡಿ ತಿರುವು ದಾಟುವತನಕ ನನಗೆ ಏನೋ ಗೆದ್ದ ಭಾವನೆ. ಒಂದು ವಾದ, ಒಂದು ತೀರ್ಪು, ಯಾರಿಗೂ ನಷ್ಟವಿಲ್ಲ. ಹೊಗಳಿಸಿಕೊಳ್ಳಲು ಒಳಗೆ ಬಂದೆ. ಅಕ್ಕ ಅದೇ ಬಾಗಿಲ ಹತ್ತಿರ ಕೂತಿದ್ದಳು.

"ಅವ್ರು ಕರ್ಯಾಕ ಬಂದಿದ್ದು ಅಮರಮ್ಮನ್ನ. ನೀ ಕಳಿಸಿದ್ದು ಹಂಪಮ್ಮನ್ನ" ಎಂದಳು.

ಈ ಮಾತನ್ನು ಅವಳು ನಿಜವಾಗಿ ಆಡಿದಳೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎದೆ ಒಡೆದ ಹೊತ್ತಿನಲ್ಲಿ ಯಾರೂ ಇಷ್ಟು ಅಳೆದು ತೂಗಿ ಮಾತಾಡುವುದಿಲ್ಲ. ಅವಳು ಬರೀ "ಯಾಕ ಕೊಟ್ಟಿ ತಮ್ಮಾ" ಎಂದಿರಬಹುದು. ಉಳಿದದ್ದನ್ನು ವರ್ಷಗಟ್ಟಲೆ ಕೂತು ನಾನೇ ಹೊಲಿದಿರಬಹುದು. ಹಾಗಾದರೆ ನನ್ನನ್ನು ನಾನೇ ಬೈದುಕೊಳ್ಳಲು ಅವಳ ಬಾಯಿ ಎರವಲು ಪಡೆದಂತಾಯಿತು. ಅವಳದೊಂದನ್ನು ಕೇಳದೆ ತೆಗೆದುಕೊಳ್ಳುವುದು ನನಗೆ ಹೊಸದೂ ಅಲ್ಲ.

ಆ ಕೌದಿ ಏನಾಯಿತೆಂದು ತಿಳಿಯಲು ಎಷ್ಟೋ ವರ್ಷದ ಮೇಲೆ ಲಿಂಗಸುಗೂರಿಗೆ ಹೋಗಿದ್ದೆ. ಒಬ್ಬರು, ಅದನ್ನು ದನದ ಕೊಟ್ಟಿಗೆಯಲ್ಲಿ ಹಾಸಿದ್ದರು, ಕರು ತಿಂದಿತು ಎಂದರು. ಇನ್ನೊಬ್ಬರು, ಅಂಥ ಕೌದಿ ಯಾವುದೂ ಈ ಮನೆಗೆ ಬಂದೇ ಇಲ್ಲ ಎಂದರು. ಒಬ್ಬ ಮುದುಕಿ ಹೇಳಿದ್ದು, ಬೀಗತಿ ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು ಯಾರಿಗೂ ಮುಟ್ಟಗೊಡಲಿಲ್ಲ, ಸತ್ತಾಗ ಅದನ್ನೇ ಹೊದೆಸಿ ಮಣ್ಣು ಮಾಡಿ ಎಂದಿದ್ದಳು ಎಂದು. ಆ ಬೀಗತಿಗೂ ಮದುವೆಗೆ ಮೊದಲು ಬೇರೊಂದು ಹೆಸರಿತ್ತಲ್ಲ, ಅದೇನು ಎಂದು ಕೇಳಿದೆ. ಆ ಮುದುಕಿಗೂ ಗೊತ್ತಿರಲಿಲ್ಲ. ಮೂರು ಸಾಕ್ಷಿ, ಮೂರು ಕಥೆ. ಬಸ್ಸು ಹಿಡಿದು ವಾಪಸು ಬಂದೆ.

ಅಕ್ಕ ಆ ವರ್ಷವೆಲ್ಲ ಸೂಜಿ ಮುಟ್ಟಲಿಲ್ಲ. ನಾನು ಹೈದರಾಬಾದಿಗೆ ಹೊರಟಾಗ ಅವಳ ಕೈ ಮತ್ತೆ ಸೆರಗಿನ ಮೇಲಿತ್ತು. ಮತ್ತೆ ಯಾವಾಗ ಶುರು ಮಾಡಿದಳು, ಯಾರು ಶುರು ಮಾಡಿಸಿದರು, ನಾನು ನೋಡಿದವನಲ್ಲ. ಅಷ್ಟರಲ್ಲಿ ನಿಜಾಮರ ರಾಜ್ಯವೂ ಹೋಗಿತ್ತು. ನಾನು ಕೆಲಸ ಹಿಡಿದು ಈ ಕಡೆಗೆ ಬರುವಾಗ ಮಸ್ಕಿಯ ನಮ್ಮ ಪಡಸಾಲೆಯಲ್ಲಿ ಆರೇಳು ಹೆಂಗಸರು ಕೌದಿಯ ಸುತ್ತ ಕೂತಿದ್ದರು. ಗಂಡ ಬಿಟ್ಟವರು, ಗಂಡ ಸತ್ತವರು, ಗಂಡನಿದ್ದೂ ಇಲ್ಲದವರು. ಅಕ್ಕ ಒಬ್ಬೊಬ್ಬರಿಗೂ ಮೊದಲ ದಿನವೇ, "ನಿನ್ನ ತವರಿನ ಹೆಸರೇನಬೇ?" ಎಂದು ಕೇಳುತ್ತಿದ್ದಳು. ಕೆಲವರು ನೆನಪು ಮಾಡಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತಿದ್ದರು. ಸಿಂಧನೂರು, ಲಿಂಗಸುಗೂರು ಎಲ್ಲ ಕಡೆಯಿಂದ ಜನ ಬಂದು ಹಂಪಮ್ಮನ ಕೌದಿ ಬೇಕು ಎಂದು ಕೇಳುವಂತಾಯಿತು. ಹೆಸರು ಅವಳಿಗೆ ಸಿಕ್ಕಿತು. ಇದರಲ್ಲಿ ನನ್ನ ಪಾಲೇನೂ ಇಲ್ಲ.

ನನ್ನ ಮೇಲೆ ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಬಾ ತಮ್ಮಾ, ಉಂಡು ಹೋಗು" ಎನ್ನುತ್ತಿದ್ದಳು. ನನಗೆ ಮೊದಲ ಮಗು ಹುಟ್ಟಿದಾಗ ತೊಟ್ಟಿಲಿಗೆ ಸಣ್ಣ ಕೌದಿ ತರಬೇಕಾದವಳು ಮಗುವಿನ ಸೋದರತ್ತೆ, ಅಂದರೆ ಅಕ್ಕ. ಅಕ್ಕ ತೊಟ್ಟಿಲ ದಿನ ಎಲ್ಲರಿಗಿಂತ ಮೊದಲು ಬಂದಳು. ಮಗುವಿಗೆ ಬೆಳ್ಳಿಯ ಉಡದಾರ ತಂದಳು, ರಾಯಚೂರಿನ ಅಂಗಡಿಯ ಗಿರಣಿ ಚಾದರ ತಂದಳು. ನನ್ನ ಹೆಂಡತಿ ಪಾಪ ಏನೂ ಅರಿಯದವಳು, "ಅಕ್ಕಾರ, ಕೌದಿ ಇಲ್ಲೇನ್ರಿ?" ಎಂದು ಕೇಳಿಯೇಬಿಟ್ಟಳು.

"ನಿಮ್ಮನಿಯವ್ರ ಕೈಯಾಗ ಉಳಿಯಂಗಿಲ್ಲವ್ವಾ ಅದು" ಎಂದು ಅಕ್ಕ ನಕ್ಕಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೆಯ ಮಗುವಿಗೂ ಚಾದರವೇ ಬಂತು, ಮೂರನೆಯದಕ್ಕೂ.

ಅಕ್ಕ ತೀರಿಕೊಂಡ ಮೇಲೆ ಒಂದು ಭಾನುವಾರ, ಏನೋ ನೆಪ ಮಾಡಿಕೊಂಡು ಸಿಂಧನೂರಿನ ನಮ್ಮ ಓಣಿಯ ಮನೆಗಳಿಗೆಲ್ಲ ಹೋದೆ. ಹಂಪಮ್ಮನ ಕೈಯದು ಎಂದು ಹನ್ನೊಂದು ಮನೆಯವರು ಕೌದಿ ತೆಗೆದು ತೋರಿಸಿದರು. ನಮ್ಮ ಮನೆಗೆ ಬಂದು ಅಟ್ಟ ಹತ್ತಿದೆ, ಟ್ರಂಕು ಬಿಚ್ಚಿದೆ, ಹಾಸಿಗೆಯ ಗಂಟುಗಳನ್ನು ಕೆದರಿದೆ, ಮಕ್ಕಳ ತೊಟ್ಟಿಲನ್ನು ಕೆಳಗಿಳಿಸಿ ನೋಡಿದೆ. ಈ ಬರಹದಲ್ಲಿ ನಾನು ಸ್ವತಃ ಪರೀಕ್ಷಿಸಿ ಖಾತ್ರಿ ಮಾಡಿಕೊಂಡ ಸಂಗತಿ ಇದೊಂದೇ: ನಮ್ಮ ಮನೆಯಲ್ಲಿ ಅಕ್ಕ ಹೊಲಿದ ಕೌದಿ ಒಂದೂ ಇಲ್ಲ.